ಮೂಗಿನಮ್ಮನ ನಾಲ್ಕನೇ ಲೋಟ

ಗಡಿಯಾರ ರಿಪೇರಿಯವರ ಹೆಂಡತಿಗೆ ಬೀದಿಯವರು ಇಟ್ಟ ಹೆಸರು ಮೂಗಿನಮ್ಮ. ಎದುರಿಗೇ ಹಾಗೆ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ಮೂಗು ನೋಡೋಕೆ ಸಾಧಾರಣವೇ, ನೆಗಡಿ ಬಂದರೆ ಎಲ್ಲರ ಮೂಗಿನ ಹಾಗೇ ಕೆಂಪಾಗುತ್ತಿತ್ತು. ಆದರೆ ಅದಕ್ಕೆ ಗೊತ್ತಾಗದ ಸಂಗತಿ ಆ ಬೀದಿಯಲ್ಲಿ ಇರಲಿಲ್ಲ. ಮೆಟ್ಟಿಲ ಮೇಲೆ ನಿಂತಲ್ಲೇ, ಯಾರ ಮನೆಯ ಹಾಲು ತಳ ಹಿಡಿಯುತ್ತಿದೆ, ಯಾರು ಒದ್ದೆ ಬಟ್ಟೆಯನ್ನು ಒಳಗೇ ಒಣಹಾಕಿದ್ದಾರೆ, ಯಾರ ಮನೆಗೆ ಹೊಸ ಬಣ್ಣ ಬಿದ್ದಿದೆ, ಎಲ್ಲ ಹೇಳಿಬಿಡುತ್ತಿದ್ದಳು. ಗಂಡ ಸಂಜೆ ಅಂಗಡಿ ಮುಚ್ಚಿ ಇನ್ನೂ ಬಾಗಿಲಿಗೆ ಬಂದಿರುವುದಿಲ್ಲ, ಒಳಗಿನಿಂದಲೇ ಕೂಗು ಬೀಳುತ್ತಿತ್ತು, "ಕೈ ತೊಳ್ಕೊಂಡು ಬನ್ನಿ." ಗಡಿಯಾರದ ಸಣ್ಣ ಚಕ್ರಗಳನ್ನು ಪೆಟ್ರೋಲಿನಲ್ಲಿ ಅದ್ದಿ ತೊಳೆಯುವ ಕೆಲಸ ನೋಡಿ, ಎಷ್ಟು ಒರೆಸಿಕೊಂಡರೂ ಬೆರಳ ಸಂದಿಯಲ್ಲಿ ಆ ವಾಸನೆ ಉಳಿದಿರುತ್ತಿತ್ತು. ಪಕ್ಕದ ಮನೆಯವರು ಮಾತ್ರ, ಮೂಗು ತೂರಿಸೋದು ಅಂದ್ರೆ ಇದೇ ಇರಬೇಕು ಅಂತ ಮೂಗು ಮುರಿಯುತ್ತಿದ್ದರು.

ಅವಳ ಕಸುಬು ನಿಂತದ್ದೂ ಆ ಮೂಗಿನ ಮೇಲೆಯೇ. ಚಹಾಪುಡಿಗೆ ಶುಂಠಿ, ಏಲಕ್ಕಿ, ಗುಲಾಬಿ ಎಸಳು, ನಿಂಬೆಹುಲ್ಲು, ಇಂಥವನ್ನೆಲ್ಲ ಒಣಗಿಸಿ ಕುಟ್ಟಿ ಬೆರೆಸಿ ಮೂಲೆ ಅಂಗಡಿಗೆ ಕೊಡುತ್ತಿದ್ದಳು. ಎಲ್ಲವನ್ನೂ ನುಣ್ಣಗೆ ಪುಡಿ ಮಾಡುವುದು ಅವಳ ಪದ್ಧತಿ, ಹಾಗಾಗಿ ಯಾವ ಡಬ್ಬಿಯ ಮುಚ್ಚಳ ತೆಗೆದರೂ ಒಂದೇ ಕಪ್ಪು. ಡಬ್ಬಿಗಳ ಮೇಲೆ ಚೀಟಿ ಅಂಟಿಸಿದವಳೇ ಅಲ್ಲ. ಯಾರಾದರೂ ಕೇಳಿದರೆ, "ಚೀಟಿ ಓದೋಕೆ ಕನ್ನಡಕ ಬೇಕು, ಇದಕ್ಕೆ ಬೇಡ" ಅಂತ ಮೂಗು ತೋರಿಸುತ್ತಿದ್ದಳು. ಸ್ವಲ್ಪ ಜಂಬ ಇತ್ತು ಅನ್ನಿ. ಇರಲಿ ಬಿಡಿ, ಜಂಬಕ್ಕೆ ತಕ್ಕ ಹಾಗೆ ಚಹಾ ಇರುತ್ತಿತ್ತು.

ಅಂಥ ಮೂಗು ಹೋಗಿಬಿಟ್ಟಿತು. ಒಂದು ಜ್ವರ ಬಂತು, ಮಲಗಿಸಿತು, ಬಿಟ್ಟಿತು. ಕಟ್ಟಿಕೊಂಡ ಮೂಗು ಬಿಚ್ಚಿಕೊಂಡಿತು, ಉಸಿರು ಸಲೀಸಾಯಿತು, ವಾಸನೆ ಮಾತ್ರ ವಾಪಸು ಬರಲಿಲ್ಲ. ಡಾಕ್ಟರು, "ಬರಬಹುದು, ಕಾಯ್ತಾ ಇರಿ" ಅಂದರು. ಅವಳು ಕಾದಳು. ಬೆಳಿಗ್ಗೆ ಎದ್ದು ಸೋಪನ್ನು ಮೂಗಿಗೆ ಹಿಡಿದು ನೋಡುವಳು, ಆಮೇಲೆ ಏಲಕ್ಕಿ ಡಬ್ಬಿ, ಆಮೇಲೆ ಬೆಂಕಿಕಡ್ಡಿ ಗೀರಿ ಆರಿಸಿ ಅದರ ಹೊಗೆ. ಗೋಡೆಯನ್ನು ಮೂಸಿದ ಹಾಗೆ. ಚಹಾ ಕುಡಿದರೆ ಬಿಸಿ ಗೊತ್ತಾಗುತ್ತಿತ್ತು, ಒಗರು ಗೊತ್ತಾಗುತ್ತಿತ್ತು, ಅಷ್ಟೇ. ಆ ದುಃಖಕ್ಕೆ ಕುಡಿಯುವುದನ್ನೇ ಬಿಟ್ಟಳು.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅತ್ತೆಗೆ ಹೇಳುವುದೂ ಒಂದೇ, ಬೀದಿಯಲ್ಲಿ ಡಂಗುರ ಹೊಡೆಸುವುದೂ ಒಂದೇ. ಗಂಡನಿಗೆ ಹೇಳೋಣ ಅಂತ ಎಷ್ಟೋ ಸಲ ಬಾಯಿ ತೆರೆದಳು. ಆದರೆ ಅವರು ಏನು ಹೇಳುತ್ತಾರೆ ಅಂತ ಅವಳಿಗೆ ಮೊದಲೇ ಗೊತ್ತಿತ್ತು. "ಪರವಾಗಿಲ್ಲ" ಅನ್ನುತ್ತಾರೆ. ಆ ಮಾತು ಕೇಳುವ ಶಕ್ತಿ ಅವಳಿಗೆ ಇರಲಿಲ್ಲ.

ಈ ಪರವಾಗಿಲ್ಲದ ಕಥೆ ಸ್ವಲ್ಪ ಹೇಳಬೇಕು. ಮದುವೆಯಾದ ಹೊಸದರಲ್ಲಿ ಅವಳು ಕೈಯಾರೆ ಅಡುಗೆ ಮಾಡಿ ಬಡಿಸಿ, ಹೇಗಿದೆ ಅಂತ ಕೇಳಿದಾಗ ಗಂಡ ಅಂದದ್ದು ಪರವಾಗಿಲ್ಲ. ಹೊಸ ಬಟ್ಟೆ ಉಟ್ಟು ಎದುರಿಗೆ ನಿಂತರೆ ಪರವಾಗಿಲ್ಲ. ಗೋಡೆ ಗಡಿಯಾರವೊಂದು ಜಾರಿ ಅವರದೇ ಕಾಲ ಮೇಲೆ ಬಿದ್ದು ಹೆಬ್ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿದಾಗಲೂ ಪರವಾಗಿಲ್ಲ. ಅವಳು ಮಾಡಿದ ಒಂದೊಂದು ಹೊಸ ಚಹಾವನ್ನೂ ಮೊದಲು ಅವರಿಗೇ ಕೊಡುತ್ತಿದ್ದಳು. ಬೀದಿಯೆಲ್ಲ ಕುಡಿದು ಹೊಗಳಿದ ಚಹಾಕ್ಕೆ ಗಂಡನ ಕಡೆಯಿಂದ ಸಿಕ್ಕುತ್ತಿದ್ದದ್ದು ಅದೊಂದೇ ಮಾತು. ಚೆನ್ನಾಗಿದೆಯೋ, ಚೆನ್ನಾಗಿಲ್ಲವೋ, ಹೇಗೋ ನಡೆಯುತ್ತದೆಯೋ, ಇಷ್ಟು ವರ್ಷವಾದರೂ ಅವಳಿಗೆ ಬಿಡಿಸಲು ಆಗಿರಲಿಲ್ಲ.

ಹೀಗಿರುವಾಗ ಮೂಲೆ ಅಂಗಡಿಯ ಅಕ್ಕ ಬಂದರು. "ನಮ್ಮ ಅಂಗಡಿದೇ ಅಂತ ಒಂದು ಟೀಪುಡಿ ಇರಬೇಕು ಅಂತ ಆಸೆ. ಬೇರೆಲ್ಲೂ ಸಿಗಬಾರದು, ಅಂಥದ್ದು. ನೀವು ಮಾಡಿ ಕೊಡ್ತೀರಾ? ಸೋಮವಾರ ಬೆಳಿಗ್ಗೆ ಬಂದು ಕುಡಿದು ನೋಡ್ತೀನಿ. ಹಿಡಿಸಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ಕೋತೀನಿ, ಬೇಜಾರು ಮಾಡ್ಕೋಬಾರದು" ಅಂದರು. ಮೂಗಿನಮ್ಮ "ಅದಕ್ಕೇನಂತೆ" ಅಂದುಬಿಟ್ಟಳು. ಜಂಬ ನೋಡಿ, ಮೂಗಿನ ಜೊತೆ ಅದು ಹೋಗಿರಲಿಲ್ಲ.

ಕೈಯಳತೆಯ ನೆನಪಿನ ಮೇಲೆ ಪುಡಿ ಬೆರೆಸಿದಳು. ಒಣಗಿಸಿದ ಕಿತ್ತಳೆ ಸಿಪ್ಪೆ, ಏಲಕ್ಕಿ, ಚೂರು ಲವಂಗ. ಬೆರೆಸಿದ ಮೇಲೆ ಡಬ್ಬಿಯೊಳಗೆ ಮುಖ ಇಟ್ಟು ನಿಂತಳು. ಏನೂ ಇಲ್ಲ. ಅಮೃತವಾಗಿದೆಯೋ ಗಾಡಿಯ ಎಣ್ಣೆಯಾಗಿದೆಯೋ ದೇವರಿಗೇ ಗೊತ್ತು. ಇದು ಕೆಟ್ಟರೆ ಹೋಗುವುದು ಒಂದು ಅಂಗಡಿಯ ವ್ಯಾಪಾರವಷ್ಟೇ ಅಲ್ಲ, ಮೂಗಿನಮ್ಮ ಅನ್ನುವ ಹೆಸರೇ ಹೋಗುತ್ತದೆ ಅಂತ ಅವಳಿಗೆ ಭಯವಾಯಿತು. ಬೇರೆ ಯಾರದಾದರೂ ನಾಲಿಗೆ ಎರವಲು ತರಬೇಕು. ಮನೆಯಲ್ಲಿದ್ದದ್ದು ಎರಡೇ ನಾಲಿಗೆ. ಅತ್ತೆಯದು ಸಕ್ಕರೆ ಬಿಟ್ಟು ಬೇರೆ ಏನನ್ನೂ ಕೇಳುತ್ತಿರಲಿಲ್ಲ, ಗಂಡನದು ಪರವಾಗಿಲ್ಲ ಬಿಟ್ಟು ಬೇರೆ ಏನನ್ನೂ ಹೇಳುತ್ತಿರಲಿಲ್ಲ.

ಆಗ ಅವಳಿಗೆ ಒಂದು ಉಪಾಯ ಹೊಳೆಯಿತು. ಹೊಸದೊಂದನ್ನೇ ಕುಡಿಸಿದರೆ ಪ್ರಯೋಜನವಿಲ್ಲ. ತನಗೆ ಚೆನ್ನಾಗಿ ಗೊತ್ತಿರುವ ಹಳೆಯ ಚಹಾಗಳ ನಡುವೆ ಹೊಸದನ್ನು ಕೂರಿಸಿ ಎಲ್ಲವನ್ನೂ ಕುಡಿಸಬೇಕು. ಶುಂಠಿಗೆ ಗಂಡ ಏನನ್ನುತ್ತಾರೆ, ಗುಲಾಬಿಗೆ ಏನನ್ನುತ್ತಾರೆ ಅಂತ ಕೇಳುತ್ತಾ ಹೋದರೆ ಅವರ ನಾಲಿಗೆಯ ಭಾಷೆ ತಿಳಿಯುತ್ತದೆ. ಆಮೇಲೆ ಅದೇ ಭಾಷೆಯಲ್ಲಿ ಹೊಸದರ ಸಂಗತಿ ಕೇಳಿಕೊಳ್ಳಬಹುದು. ಯೋಚಿಸುತ್ತಿದ್ದ ಹಾಗೆ ಭಯದ ಜೊತೆಗೆ ಕುತೂಹಲವೂ ಎದ್ದಿತು. ಈ ಮನುಷ್ಯನ ಬಾಯೊಳಗೆ ಇಷ್ಟು ವರ್ಷ ಏನು ನಡೆಯುತ್ತಿತ್ತು ಅಂತ ಒಮ್ಮೆ ನೋಡಿಯೇ ಬಿಡೋಣ ಅನ್ನಿಸಿತು.

ಭಾನುವಾರ ಮಧ್ಯಾಹ್ನ ನಡುಮನೆಯ ಗುಂಡು ಮೇಜಿನ ಮೇಲೆ ಆರು ಗಾಜಿನ ಲೋಟ ಸುತ್ತಲೂ ಇಟ್ಟಳು. ಗಡಿಯಾರದವರಿಗೆ ಗಡಿಯಾರದ ಹಾಗೇ ಇರಲಿ ಅಂತ. ಗಂಡ ಬೆಳಗಿನಿಂದ ಹಿತ್ತಿಲಲ್ಲಿ ಯಾರದೋ ಹಳೆಯ ಟೈಂಪೀಸು ತೊಳೆಯುತ್ತಿದ್ದವರು ಬಂದು ಕೂತರು.

"ಆ ಕಡೆ ಸರಿದು ಕೂತ್ಕೊಳ್ಳೋ" ಅಂದರು ಅತ್ತೆ. "ಈಚೆಗೆ ಯಾವಾಗ ನೋಡಿದ್ರೂ ಪೆಟ್ರೋಲ್ ಬಂಕಿನ ಹಾಗೆ ನಾರ್ತಿರ್ತೀಯ."

"ಕಿಟಕಿ ಕಡೆ ಇರೋದು ಒಂದನೇದು" ಅಂದಳು ಮೂಗಿನಮ್ಮ. "ಅಲ್ಲಿಂದ ಗಡಿಯಾರದ ಮುಳ್ಳಿನ ಹಾಗೆ ಸುತ್ತಿ ಬನ್ನಿ. ಇದು ಶುಂಠಿ, ಇದು ಇನ್ನೊಂದು ಅಂತ ಹೆಸರು ಹೇಳಬಾರದು. ಬಾಯಲ್ಲಿ ಏನಾಗ್ತದೆ ಅಷ್ಟೇ ಹೇಳಬೇಕು. ನಾನು ಒಳಗಿರ್ತೀನಿ."

"ಒಳಗೆ ಯಾಕೆ?" ಅಂದರು ಗಂಡ.

"ಅವಳ ಮುಖ ನೋಡಿದ್ರೆ ಸಾಕಲ್ಲ, ಎಲ್ಲ ಬರೆದಿಟ್ಟ ಹಾಗಿರ್ತದೆ" ಅಂತ ಅತ್ತೆ ಉತ್ತರ ಕೊಟ್ಟರು. ಅದೂ ನಿಜವೇ. ಮೂಗಿನಮ್ಮ ಅಡುಗೆಮನೆಗೆ ಹೋಗಿ ಪರದೆ ಎಳೆದುಕೊಂಡು ಒಲೆಗೆ ಮುಖ ಮಾಡಿ ನಿಂತಳು. ಒಂದನೆಯದು ಏನೂ ಬೆರೆಸದ ಬರೀ ಚಹಾ. ಎರಡು ನಿಂಬೆಹುಲ್ಲು, ಮೂರು ಶುಂಠಿ, ನಾಲ್ಕು ಹೊಸದು, ಐದು ಗುಲಾಬಿ, ಆರು ಏಲಕ್ಕಿ. ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡಳು.

ಹೊರಗೆ ಗಂಡ ಗುಟುಕರಿಸಿದ ಸದ್ದು, ಅತ್ತೆ ತಮ್ಮ ಪಾಲನ್ನು ಸಾಸರಿಗೆ ಬಗ್ಗಿಸಿಕೊಂಡು ಸೊರ್ ಅಂತ ಎಳೆದ ಸದ್ದು.

"ಒಂದನೇದು" ಅಂದರು ಗಂಡ. "ಪರವಾಗಿಲ್ಲ."

"ಇವತ್ತು ಆ ಮಾತಿಗೆ ರಜೆ" ಅಂದಳು ಅವಳು. "ಬೇರೆ ಹೇಳಿ."

ಗಂಡ ಲೋಟವನ್ನು ತಿರುಗಿಸಿ ತಿರುಗಿಸಿ ನೋಡಿದರು. ಇದ್ದ ಒಂದೇ ಸ್ಕ್ರೂಡ್ರೈವರನ್ನು ಕಿತ್ತುಕೊಂಡ ಹಾಗಾಗಿರಬೇಕು ಪಾಪ. "ಸಕ್ಕರೆ ಸಾಲದು" ಅಂತ ನಡುವೆ ಅತ್ತೆ ತಮ್ಮ ತೀರ್ಪು ಕೊಟ್ಟು ಮುಗಿಸಿದರು.

"ಇದು ಒಂದೇ ಸಮ ಓಡ್ತದೆ" ಅಂದರು ಗಂಡ ಕೊನೆಗೆ. "ಟಿಕ್ ಟಿಕ್ ಅಂತ. ಬಾರಿಸೋದಿಲ್ಲ. ಬರೀ ಓಡ್ತದೆ."

ಮೂಗಿನಮ್ಮ ಒಲೆಯ ಮುಂದೆ ನಿಂತಲ್ಲೇ ಬೆರಗಾದಳು. ಬರೀ ಚಹಾಕ್ಕೆ ಅದಕ್ಕಿಂತ ಸರಿಯಾದ ಮಾತು ತನಗೂ ಸಿಕ್ಕಿರಲಿಲ್ಲ. ಇಷ್ಟು ಗೊತ್ತಿದ್ದೂ ಈ ಮಹಾರಾಯ ಬಾಯಿ ಬಿಡದೆ ಕೂತಿದ್ದರಲ್ಲ ಅಂತ ಸಿಟ್ಟೂ ಬಂತು. "ಎರಡನೇದು?" ಅಂದಳು. ದನಿಯಲ್ಲಿ ಆಸೆ ತುಳುಕುತ್ತಿತ್ತು.

"ಇದು ಬಾಯಿಗೆ ಇಡೋ ಮುಂಚೆನೇ ಬಾರಿಸ್ತದೆ, ಮೂಗಲ್ಲಿ. ನುಂಗಿದ ಮೇಲೂ ಗಂಟೆ ಹೊಡೆದ ಹಾಗೆ ಗುಂಯ್ ಅಂತಿರ್ತದೆ. ಸಿಹಿಯಾಗಿ."

ನಿಂಬೆಹುಲ್ಲು ಮೂಗಿಗೆ ಮುಂಚೆ ಹೋಗುವುದು ಸರಿ. ಸಿಹಿ ಎಲ್ಲಿಂದ ಬಂತು? ಅವಳಿಗೆ ಸಣ್ಣ ಅನುಮಾನ ಬಂತು. ಇರಲಿ, ಒಬ್ಬೊಬ್ಬರ ನಾಲಿಗೆ ಒಂದೊಂದು ಥರ. "ಮೂರನೇದು?"

"ಮೆತ್ತಗೆ. ಗಡಿಯಾರಾನ ಹತ್ತಿಯಲ್ಲಿ ಸುತ್ತಿಟ್ಟ ಹಾಗೆ. ಓಡ್ತದೆ, ಕೇಳಿಸಲ್ಲ."

"ಗಂಟಲಿಗೆ?"

"ಗಂಟಲಿಗೆ ಏನೂ ಇಲ್ಲ."

"ಮುಖಕ್ಕೆ ಪೌಡರ್ ಹಚ್ಕೊಳ್ಳೋವಾಗ ಬಾಯಿ ತೆರೆದ ಹಾಗಿದೆ" ಅಂದರು ಅತ್ತೆ. "ಸಕ್ಕರೆನೂ ಇಲ್ಲ."

ಅವಳ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಶುಂಠಿ ಕುಡಿದವರಿಗೆ ಗಂಟಲಿಗೆ ಏನೂ ಇಲ್ಲವಂತೆ. ನಾಲ್ಕನೆಯದಕ್ಕೆ ಕಿವಿ ಅಗಲ ಮಾಡಿಕೊಂಡು ಕಾದಳು. ಗಂಡ ಒಂದು ಗುಟುಕು ಕುಡಿದರು, ಇನ್ನೊಂದು ಕುಡಿದರು. "ಇದನ್ನ ಆಮೇಲೆ ಹೇಳ್ತೀನಿ" ಅಂತ ಮುಂದಕ್ಕೆ ಹೋದರು.

"ಐದನೇದು ತಡವಾಗಿ ಬಾರಿಸೋ ಗಡಿಯಾರ" ಅಂದರು. "ಬಾಯಲ್ಲಿ ಸುಮ್ಮನಿದ್ದು, ನುಂಗಿದ ಮೇಲೆ ಗಂಟಲಲ್ಲಿ ಹೊಡೀತದೆ. ಜೋರಾಗಿ."

"ಶುಂಠಿ ಕಣೋ" ಅಂದರು ಅತ್ತೆ ರೇಗಿ. "ಅದಕ್ಕೆ ತಡ ಗಿಡ ಅಂತ ಏನು ಪುರಾಣ."

ಗುಲಾಬಿ ಇರಬೇಕಾದ ಕಡೆ ಶುಂಠಿ. ಶುಂಠಿ ಇರಬೇಕಾದ ಕಡೆ ಪೌಡರು. ಮೂಗಿನಮ್ಮ ಪರದೆ ಸರಿಸಿಕೊಂಡು ಹೊರಗೆ ಬಂದಳು. ಮೊನ್ನೆ ಅತ್ತೆ ಡಬ್ಬಿಗಳ ಶೆಲ್ಫು ಒರೆಸಿದ್ದು ಅವಳಿಗೆ ನೆನಪಾಗಿತ್ತು.

"ಅತ್ತೆ, ಶೆಲ್ಫು ಒರೆಸಿದಾಗ ಡಬ್ಬಿಗಳ ಜಾಗ ಬದಲಾಯಿಸಿದ್ರಾ?"

"ಎಲ್ಲಿತ್ತೋ ಅಲ್ಲೇ ಇಟ್ಟಿದೀನಿ. ಬದಲಾಗಿದ್ರೂ ನಿನಗೇನೇ ಕಷ್ಟ? ಮುಚ್ಚಳ ತೆಗೆದು ಮೂಸಿದ್ರೆ ಗೊತ್ತಾಗಲ್ವಾ?"

"ಗೊತ್ತಾಗಲ್ಲ" ಅಂದಳು ಅವಳು.

ಅಂದ ಮೇಲೆ ತಡೆಯಲು ಆಗಲಿಲ್ಲ. ನಿಂತಲ್ಲೇ ಎಲ್ಲ ಹೇಳಿಬಿಟ್ಟಳು. ಜ್ವರ ಬಿಟ್ಟಾಗಿನಿಂದ ಯಾವ ವಾಸನೆಯೂ ಇಲ್ಲ, ಅಂಗಡಿ ಅಕ್ಕನಿಗೆ ಮಾಡಿದ ಪುಡಿ ಹೇಗಿದೆ ಅಂತ ತನಗೆ ಗೊತ್ತಿಲ್ಲ, ಈಗ ನೋಡಿದರೆ ಹಳೆಯ ಡಬ್ಬಿಗಳೂ ಕಲಸಿಹೋಗಿವೆ, ಹೊಸದಕ್ಕೆ ಏಲಕ್ಕಿ ಅಂತ ಏನು ಸುರಿದಿದ್ದೀನೋ ಏನೋ ಅಂತ. ಅತ್ತೆ ಸಾಸರು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. ಗಂಡ ಪರವಾಗಿಲ್ಲ ಅನ್ನುತ್ತಾರೆ ಅಂತ ಅವಳು ಹಲ್ಲು ಕಚ್ಚಿಕೊಂಡು ಕಾದಳು.

"ಗೊತ್ತು" ಅಂದರು ಗಂಡ.

"ಏನು ಗೊತ್ತು?"

"ನೀನು ನನ್ನ ಬೈದು ಎಷ್ಟು ದಿನ ಆಯ್ತು?" ಅಂದರು ಅವರು, ಮೇಜು ನೋಡುತ್ತಾ. "ಜ್ವರ ಬಿಟ್ಟ ಮೇಲೆ ಒಂದಿನಾನೂ ಕೈ ತೊಳ್ಕೊಂಡು ಬನ್ನಿ ಅನ್ನಲಿಲ್ಲ. ಮೊದಲು ಸುಸ್ತಿರಬೇಕು ಅಂದ್ಕೊಂಡೆ. ಆಮೇಲೆ ಅಂಗಡೀಲಿ ಕೈ ಒರೆಸ್ಕೊಳ್ಳೋದೂ ಬಿಟ್ಟೆ. ಹಾಗೇ ಬಂದು ನಿನ್ನ ಹತ್ತಿರಾನೇ ನಿಂತ್ಕೊಂಡೆ. ಇವತ್ತು ಬೈತಾಳೆ, ನಾಳೆ ಬೈತಾಳೆ ಅಂತ."

"ಅದಕ್ಕಾ ಈ ಪಾಟಿ ನಾತ?" ಅಂದರು ಅತ್ತೆ. "ನಾನು ಇವನಿಗೆ ಸ್ನಾನದ ಸೋಮಾರಿತನ ಶುರುವಾಯ್ತು ಅಂದ್ಕೊಂಡಿದ್ದೆ."

"ಕೇಳಬಹುದಿತ್ತಲ್ಲ ರೀ" ಅಂದಳು ಅವಳು.

"ನೀನೇ ಹೇಳ್ತೀಯ ಅಂತಿದ್ದೆ."

ಅವಳಿಗೆ ನಾಚಿಕೆಯಾಯಿತು, ಕೋಪ ಬಂತು, ಅದರ ಜೊತೆಗೆ ಎಷ್ಟೋ ದಿನದಿಂದ ಹೊತ್ತು ತಿರುಗುತ್ತಿದ್ದ ಮೂಟೆ ಇಳಿಸಿದ ಹಾಗೂ ಆಯಿತು. ಕಣ್ಣು ಒರೆಸಿಕೊಂಡು ಸುಮ್ಮನೆ ಕೈಗೆ ಸಿಕ್ಕಿದ ಲೋಟ ಎತ್ತಿ ಒಂದು ಗುಟುಕು ಕುಡಿದಳು. ಗಂಟಲು ಚುರ್ ಅಂದಿತು. ವಾಸನೆ ಇಲ್ಲ, ರುಚಿ ಇಲ್ಲ, ಆದರೆ ಖಾರ ಇದೆ. ಖಾರಕ್ಕೆ ಮೂಗು ಬೇಕಾಗಿಲ್ಲ ಅನ್ನುವುದು ಇಷ್ಟು ದಿನ ಅವಳಿಗೆ ಹೊಳೆದಿರಲೇ ಇಲ್ಲ. ಲೋಟ ಎತ್ತಿದ ಜಾಗ ನೋಡಿದಳು. ಕಿಟಕಿಯಿಂದ ಮೂರನೆಯದು.

"ಇದು ಶುಂಠಿನೇ" ಅಂದಳು. "ನಾನು ಇಟ್ಟ ಕಡೆನೇ ಇದೆ. ಮೂರನೇದು."

"ಅದು ಐದನೇದು" ಅಂದರು ಗಂಡ.

"ಮೂರನೇದು ರೀ. ಒಂದು, ಎರಡು, ಮೂರು" ಅಂತ ಬಲಕ್ಕೆ ಬೆರಳಿಟ್ಟು ಎಣಿಸಿದಳು.

"ಐದು" ಅಂತ ಅವರು ಎಡಕ್ಕೆ ಎಣಿಸಿಕೊಂಡು ಹೋದರು. ನಡುವೆ ಎಲ್ಲೋ ಅವರ ಬೆರಳು ನಿಂತಿತು. ಕಿವಿ ಕೆಂಪಾಯಿತು.

"ಮುಳ್ಳಿನ ಹಾಗೆ ಸುತ್ತಿ ಅಂದಿದ್ದೆ ನಾನು" ಅಂದಳು ಅವಳು.

"ಹಾಗೇ ಸುತ್ತಿದೆ. ದಿನವೆಲ್ಲ ನಾನು ನೋಡೋದು ಗಡಿಯಾರದ ಬೆನ್ನು. ಹಿಂದಿನಿಂದ ನೋಡಿದ್ರೆ ಅದು ಎಡಕ್ಕೇ ಸುತ್ತೋದು."

ಅತ್ತೆ ಸಾಸರು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂಗಿನಮ್ಮನಿಗೂ ಅಳುವಿನ ನಡುವೆ ನಗು ಬಂತು. ನಗುತ್ತಲೇ ಲೆಕ್ಕ ಹಾಕಿದಳು. ಗುಂಯ್ ಅಂತ ಸಿಹಿಯಾಗಿ ಉಳಿಯುವುದು ಏಲಕ್ಕಿ, ಹತ್ತಿ ಸುತ್ತಿದ್ದು ಗುಲಾಬಿ, ತಡವಾಗಿ ಹೊಡೆಯುವುದು ಶುಂಠಿ. ಒಂದೊಂದೂ ಸರಿ. ಡಬ್ಬಿಗಳು ನೆಟ್ಟಗಿದ್ದವು, ಗಂಡನ ನಾಲಿಗೆಯೂ ನೆಟ್ಟಗಿತ್ತು. ಆಮೇಲೆ ಇನ್ನೊಂದು ಹೊಳೆಯಿತು. ಕಿಟಕಿಗೆ ಎದುರಾಗಿದ್ದ ನಾಲ್ಕನೆಯದು, ಎಡದಿಂದ ಬಂದರೂ ನಾಲ್ಕು, ಬಲದಿಂದ ಬಂದರೂ ನಾಲ್ಕು. ಆಮೇಲೆ ಹೇಳ್ತೀನಿ ಅಂದದ್ದು ಹೊಸದಕ್ಕೇ.

"ಈಗ ಹೇಳಿ" ಅಂದಳು ಎದುರಿಗೆ ಕೂತು. "ನಾಲ್ಕನೇದು ಹೇಗಿದೆ? ನನ್ನ ಮುಖ ನೋಡಬೇಡಿ."

ಗಂಡ ಲೋಟ ಎತ್ತಿ ಇನ್ನೊಮ್ಮೆ ಕುಡಿದರು. "ಶುರು ಚೆನ್ನಾಗಿ ಹೊಡೀತದೆ. ಕೊನೆನೂ ಸರಿಯಾಗಿದೆ. ನಡುವೆ ಸ್ವಲ್ಪ ಹೊತ್ತು ನಿಂತೇಹೋಗ್ತದೆ. ಅದಕ್ಕೇ ಆಗ ಹೇಳಲಿಲ್ಲ."

ಅವಳು ಕಣ್ಣು ಮುಚ್ಚಿಕೊಂಡಳು. ಶುರುವಿನಲ್ಲಿ ಕಿತ್ತಳೆ ಸಿಪ್ಪೆ, ಕೊನೆಗೆ ಲವಂಗ. ನಡುವಿನದು ಏಲಕ್ಕಿ. ಬೆರೆಸುವಾಗ ಹೆಚ್ಚಾದೀತು ಅಂತ ಹೆದರಿ ಕೈ ಹಿಂದೆ ಎಳೆದುಕೊಂಡದ್ದು ನೆನಪಾಯಿತು. ಮೂಗಿದ್ದಾಗ ಅವಳ ಕೈ ಎಂದೂ ಹೆದರಿದ್ದಿಲ್ಲ.

ಎದ್ದು ಹೋಗಿ ಪುಡಿಗೆ ಒಂದು ಚಿಟಿಕೆ ಏಲಕ್ಕಿ ಸೇರಿಸಿ ಕುದಿಸಿ ತಂದಳು. "ಈಗ ಓಡ್ತದೆ, ಆದ್ರೆ ಹಿಂದೆ ಬೀಳ್ತದೆ" ಅಂದರು ಗಂಡ. ಇನ್ನೊಂದು ಚಿಟಿಕೆ. "ಇನ್ನೊಂಚೂರು." ಇನ್ನೂ ಅರ್ಧ ಚಿಟಿಕೆ. "ಈಗ ಮುಂದೆ ಓಡಿತು, ಕೊನೆದನ್ನ ಮುಚ್ಚಿಬಿಟ್ಟಿದೆ." ಹಾಗಾದರೆ ಲವಂಗವೂ ಒಂದು ಚೂರು ಹೆಚ್ಚು. ಹೋಗುವುದು, ಕುದಿಸುವುದು, ಸೋಸುವುದು, ತರುವುದು, ಗಂಡನ ಗಂಟಲ ಗಂಟು ಮೇಲೆ ಕೆಳಗೆ ಆಡುವುದನ್ನೇ ನೋಡುತ್ತಾ ನಿಲ್ಲುವುದು. ತನ್ನ ಚಹಾವನ್ನು ಇನ್ನೊಬ್ಬರ ಬಾಯೊಳಗೆ ಇಣುಕಿ ನೋಡುವ ಕೆಲಸ ಅವಳು ಎಂದೂ ಮಾಡಿರಲಿಲ್ಲ. ಅದರಲ್ಲಿ ಇಷ್ಟು ಮಜಾ ಇದೆ ಅಂತಲೂ ಗೊತ್ತಿರಲಿಲ್ಲ. "ಇನ್ನೊಂದು ಸಾಸರ್ ಕೊಟ್ರೆ ನಾನು ತೇಲ್ಕೊಂಡು ಹೋಗ್ತೀನಿ" ಅಂತ ಅತ್ತೆ ಎದ್ದು ಬಚ್ಚಲಿಗೆ ಹೋದರು.

ಕಿಟಕಿಯ ಬಿಸಿಲು ಗೋಡೆಗೆ ಹತ್ತಿದ ಹೊತ್ತಿಗೆ ಅವಳು ಇನ್ನೊಂದು ಲೋಟ ತಂದಿಟ್ಟಳು. ಗಂಡ ಒಂದು ಗುಟುಕು ಕುಡಿದು ಕೆಳಗಿಟ್ಟರು. ಮತ್ತೆ ಎತ್ತಿದರು. ತಳದವರೆಗೂ ಕುಡಿದು, ಖಾಲಿ ಲೋಟ ಮೇಜಿನ ಮೇಲಿಟ್ಟು ಅವಳ ಮುಖ ನೋಡಿದರು.

"ಹೇಳಿ."

"ಹೇಗೆ ಹೇಳಲಿ? ಆ ಮಾತಿಗೆ ರಜೆ ಅಂದಿದೀಯ."

"ಯಾವ ಮಾತಿಗೆ?" ಅಂದವಳಿಗೆ ಅಷ್ಟರಲ್ಲೇ ಅರ್ಥವಾಯಿತು. ಆದರೂ ಅವರ ಬಾಯಿಂದಲೇ ಕೇಳಬೇಕಿತ್ತು. "ರಜೆ ಮುಗೀತು. ಹೇಳಿ."

"ಪರವಾಗಿಲ್ಲ" ಅಂದರು ಗಂಡ. ಅವಳು ನೋಡುತ್ತಲೇ ಇದ್ದದ್ದಕ್ಕೆ ಸ್ವಲ್ಪ ಮುಜುಗರಪಟ್ಟುಕೊಂಡು ಮುಂದುವರಿಸಿದರು. "ರಿಪೇರಿ ಆದ ಮೇಲೆ ಗಡಿಯಾರಾನ ಕಿವಿಗೆ ಹಿಡಿದು ಕೇಳ್ತೀನಿ. ಎಲ್ಲ ಸರಿಯಾಗಿದ್ರೆ ಹಾಗನ್ಕೊಂಡು ಮುಚ್ಚಳ ಹಾಕಿಬಿಡ್ತೀನಿ. ಅದಾದ ಮೇಲೆ ಕೈ ಹಾಕಿದ್ರೆ ಕೆಡ್ತದೆ."

ಅವಳಿಗೆ ಒಂದೊಂದಾಗಿ ನೆನಪಾಯಿತು. ಮೊದಲ ದಿನದ ಅಡುಗೆ, ಹೊಸ ಬಟ್ಟೆ, ಶುಂಠಿ ಚಹಾ, ಗುಲಾಬಿ ಚಹಾ. ಇಷ್ಟು ವರ್ಷ ಆ ಮಾತು ಕೇಳಿ ಮುಖ ಸಿಂಡರಿಸಿಕೊಂಡು ಒಳಗೆ ಹೋಗಿದ್ದಳು. ಇವತ್ತು ಅದೇ ಮಾತಿಗಾಗಿ ಮಧ್ಯಾಹ್ನವೆಲ್ಲ ಒಲೆ ಮುಂದೆ ಬೆವರಿದ್ದಳು. "ಕಾಲ ಮೇಲೆ ಗಡಿಯಾರ ಬಿದ್ದಾಗಲೂ ಹಾಗೇ ಅಂದ್ರಲ್ಲ" ಅಂದಳು, ಕಣ್ಣು ಒರೆಸಿಕೊಳ್ಳುತ್ತಾ.

"ಗಡಿಯಾರಕ್ಕೆ ಏನೂ ಆಗಿರಲಿಲ್ಲ" ಅಂದರು ಅವರು.

ಸೋಮವಾರ ಬೆಳಿಗ್ಗೆ ಅಂಗಡಿ ಅಕ್ಕ ಬಂದಾಗ ಮೂಗಿನಮ್ಮ ಮೊದಲು ನಿಜ ಹೇಳಿದಳು. ತನ್ನ ಮೂಗು ರಜೆ ಮೇಲಿದೆ, ಯಾವಾಗ ಬರುತ್ತದೋ ಗೊತ್ತಿಲ್ಲ, ಇದು ತನ್ನ ಕೈ ಮತ್ತು ಗಡಿಯಾರದವರ ನಾಲಿಗೆ, ಬೇಡ ಅಂದರೆ ಬೇಜಾರಿಲ್ಲ ಅಂತ. ಅಕ್ಕ ಲೋಟ ತೆಗೆದುಕೊಂಡು ಕುಡಿದರು. ಲೋಟ ಮುಂದೆ ಚಾಚಿ ಇನ್ನರ್ಧ ಕೇಳಿದರು. ಹೋಗುವಾಗ ಡಬ್ಬಿ ತೆಗೆದುಕೊಂಡೇ ಹೋದರು. ಅವರು ಮೆಟ್ಟಿಲಿಳಿದ ಮೇಲೆ ಮೂಗಿನಮ್ಮ ಕನ್ನಡಕ ಹುಡುಕಿ ಹಾಕಿಕೊಂಡು, ಶೆಲ್ಫಿನ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದಳು.

ಸಂಜೆ ಬಾಗಿಲ ಹತ್ತಿರ ಗಂಡನ ಚಪ್ಪಲಿ ಸದ್ದಾಯಿತು. ಅವಳು ಒಲೆಯ ಮುಂದೆ ಇದ್ದಳು. ಹಿಂದೆ ತಿರುಗದೆ ಕೂಗಿದಳು.

"ಕೈ ತೊಳ್ಕೊಂಡು ಬನ್ನಿ."

ಚಪ್ಪಲಿ ಸದ್ದು ನಿಂತಿತು. ಗಂಡ ಒಂದು ಕಾಲು ಹೊಸಿಲೊಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ಹಾಗೇ ನಿಂತುಬಿಟ್ಟಿದ್ದರು.

"ಬಂತಾ?" ಅಂದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

ಅವಳು ಉಸಿರೆಳೆದುಕೊಂಡು ನೋಡಿದಳು. ಒಲೆಯ ಮೇಲೆ ಚಹಾ ಕುದಿಯುತ್ತಿತ್ತು.

"ಇಲ್ಲ" ಅಂದಳು. "ನೀವು ತೊಳ್ಕೊಳ್ಳಿ."

ಗಂಡ ಚೀಲವನ್ನು ಹೊಸಿಲ ಪಕ್ಕ ಇಟ್ಟು ನಲ್ಲಿಯ ಹತ್ತಿರ ಹೋದರು. ನೀರು ಬಿಟ್ಟ ಸದ್ದು ಬಹಳ ಹೊತ್ತು ಕೇಳುತ್ತಿತ್ತು.